ಅಂಬರನಾಥದ ಶಿವಾಲಯ ಮತ್ತು ಕನ್ನಡ ಅಧ್ಯಯನದ ಹೊಣೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರು ಪ್ರಾಚೀನ ದೇಗುಲಗಳೆಂದೊಡನೆ ನೆನೆಯುವುದು ಬೇಲೂರು, ಹಳೇಬೀಡು, ಪಟ್ಟದಕಲ್ಲುಗಳನ್ನು. ಅದು ಸಹಜವೇ. ಆದರೆ ಹೊಯ್ಸಳ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ, ಕಲ್ಯಾಣದಿಂದ ರೈಲಿನಲ್ಲಿ ಕೆಲವೇ ನಿಲ್ದಾಣಗಳ ದೂರದ ಅಂಬರನಾಥದಲ್ಲಿ ಭವ್ಯವಾದ ಶಿವಾಲಯವೊಂದು ಎದ್ದು ನಿಂತಿತ್ತು. ಕನ್ನಡ ಅಧ್ಯಯನವು ಈ ಸ್ಮಾರಕದತ್ತ ಇನ್ನಷ್ಟು ಗಮನ ಹರಿಸಬೇಕಾದುದು ಅಗತ್ಯ.

ಉತ್ತರ ಕೊಂಕಣದ ಶಿಲಾಹಾರರ ಮುಮ್ಮುಣಿ ಅರಸನ ಕಾಲದ, ಶಕ 982ರ, ಎಂದರೆ ಕ್ರಿ.ಶ. 1060ರ ಶಾಸನ ಈ ದೇವಾಲಯದಲ್ಲಿದೆ. ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದರೆಂಬ ಜನಪದ ನಂಬಿಕೆಯೂ ಹೇಮಾಡಪಂತಿ ಕಟ್ಟಡವೆಂಬ ರೂಢಿಯ ಮಾತೂ ಪ್ರಚಲಿತವಾಗಿವೆ. ಯಾದವರ ಮಂತ್ರಿ ಹೇಮಾದ್ರಿ ಹದಿಮೂರನೆಯ ಶತಮಾನದವನು. ದೇವಾಲಯ ಅವನಿಗಿಂತ ಸುಮಾರು ಇನ್ನೂರು ವರ್ಷ ಹಳೆಯದು. ಕಿರುಶಿಖರಗಳನ್ನು ಸಾಲುಸಾಲಾಗಿ ಪೇರಿಸುವ ಭೂಮಿಜ ಶೈಲಿ ಇಲ್ಲಿಯದು. ಭಿತ್ತಿಗಳ ತುಂಬ ದೇವದೇವಿಯರ ಶಿಲ್ಪಗಳಿವೆ. ನೆಲಮಟ್ಟಕ್ಕಿಂತ ಕೆಳಗಿರುವ ಗರ್ಭಗೃಹಕ್ಕೆ ಮೆಟ್ಟಿಲುಗಳನ್ನು ಇಳಿದು ಹೋಗಬೇಕು.

ಈ ಶಿಲಾಹಾರರಿಗೂ ಕನ್ನಡಕ್ಕೂ ಇರುವ ನಂಟು ಕೇವಲ ಊಹೆಯಲ್ಲ. ಅವರು ಮೊದಲು ರಾಷ್ಟ್ರಕೂಟರ ಸಾಮಂತರಾಗಿದ್ದರು. ‘ಕವಿರಾಜಮಾರ್ಗ’ವು ರಚಿತವಾದುದು ಯಾವ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲೋ, ಆ ಚಕ್ರವರ್ತಿಯ ಹೆಸರು ಕಾನ್ಹೇರಿಯ ಬೌದ್ಧ ಗುಹೆಗಳಲ್ಲಿರುವ ಶಿಲಾಹಾರ ಕಪರ್ದಿಯ ಶಾಸನದಲ್ಲಿ ಉಲ್ಲೇಖಗೊಂಡಿದೆ. ಭಿವಂಡಿ ಪರಿಸರದ ಭಾದಾನದ ದಾನಶಾಸನದಲ್ಲಿ (ಕ್ರಿ.ಶ. 997) ಅಪರಾಜಿತನು ರಾಷ್ಟ್ರಕೂಟರ ವಂಶಾವಳಿಯನ್ನು ನಿರೂಪಿಸಿ, ಆ ಸಾಮ್ರಾಜ್ಯ ಅಳಿದುದಕ್ಕೆ ಮರುಗಿದ್ದಾನೆ. ಒಡೆಯರು ಇಲ್ಲವಾಗಿ ಎರಡು ದಶಕಗಳು ಕಳೆದ ಮೇಲೂ ಉಳಿದಿದ್ದ ನಿಷ್ಠೆ ಅದು. ಈ ಅರಸರ ಬಿರುದುಗಳಲ್ಲಿ ‘ಮಲಗಲಗಂಡ’, ‘ನನ್ನಿಸಮುದ್ರ’ ಮುಂತಾದ ಕನ್ನಡದ ರೂಪಗಳಿವೆ. ಶಿಲಾಹಾರರ ಶಾಸನಗಳನ್ನು 1977ರಲ್ಲಿ ಸಂಪುಟವಾಗಿ ಹೊರತಂದ ವಾ. ವಿ. ಮಿರಾಶಿಯವರು ಇಂತಹ ಬಿರುದುಗಳ ಆಧಾರದಿಂದಲೇ ಆ ಮನೆತನದ ಮಾತು ಕನ್ನಡವಾಗಿತ್ತೆಂದು ಅಭಿಪ್ರಾಯಪಟ್ಟರು.

ಇಷ್ಟರಿಂದಲೇ ಅಂಬರನಾಥವನ್ನು ‘ಕನ್ನಡಿಗರ ದೇಗುಲ’ವೆಂದು ಸಾರಹೊರಡುವುದು ವಿದ್ವತ್ತಿಗೆ ಒಪ್ಪುವ ಮಾತಲ್ಲ. ಅಲ್ಲಿಯ ಶಾಸನದ ಭಾಷೆ ಸಂಸ್ಕೃತ. ಸಾವಿರ ವರ್ಷಗಳಿಂದ ಅದನ್ನು ಪೂಜಿಸಿ ಉಳಿಸಿಕೊಂಡು ಬಂದವರು ಆ ನೆಲದ ಜನ. ಠಾಣೆಯ ಕಲ್ಯಾಣವೂ ಚಾಳುಕ್ಯರ ರಾಜಧಾನಿಯಾದ ಬೀದರ ಜಿಲ್ಲೆಯ ಬಸವಕಲ್ಯಾಣವೂ ಒಂದೇ ಎಂದು ಬಗೆಯುವಂತಹ ಅವಸರವೂ ಸಲ್ಲದು. ಪರಂಪರೆಯ ಮೇಲಿನ ಅಭಿಮಾನಕ್ಕೆ ಬೆಲೆ ಬರುವುದು ಅದರ ಅಧ್ಯಯನ ಮತ್ತು ರಕ್ಷಣೆಯ ಹೊಣೆಯನ್ನೂ ಹೊತ್ತಾಗ.

ಆ ಹೊಣೆ ಇಂದು ಗುರುತರವಾಗಿದೆ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದ್ದರೂ ಶಿಖರದ ಮೇಲ್ಭಾಗ ಇಲ್ಲವಾಗಿದೆ. ಅನೇಕ ಶಿಲ್ಪಗಳ ಮುಖಚಹರೆ ಸವೆದಿದೆ. ಪಕ್ಕದ ವಾಲ್ಧುನಿ ನದಿ ಕಾರ್ಖಾನೆಗಳ ಕಲ್ಮಷದಿಂದ ಕೆಟ್ಟಿದೆ. ಮಹಾಶಿವರಾತ್ರಿಯ ಜಾತ್ರೆಗೆ ಜನಸಾಗರವೇ ಸೇರುತ್ತದೆ. ಭಕ್ತರನ್ನು ದೂರವಿಟ್ಟರೆ ಮಾತ್ರ ಕಲೆ ಉಳಿದೀತೆಂಬ ವಾದ ಒಪ್ಪತಕ್ಕದ್ದಲ್ಲ. ಪೂಜೆ ನಿಂತ ಎಷ್ಟೋ ಗುಡಿಗಳು ಹೇಳಹೆಸರಿಲ್ಲದೆ ಹೋಗಿವೆ. ಆದರೆ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲಿಗೆ ಸಿಮೆಂಟು, ಬಣ್ಣ ಬಳಿಯುವುದು ಎಲ್ಲಿ ನಡೆದರೂ ಅದು ಶ್ರದ್ಧೆಯಲ್ಲ. ಕಾನ್ಹೇರಿಯ ಒಂದು ಶಾಸನದಲ್ಲಿ ಪೂಜೆಗೆ, ವಿಹಾರದ ದುರಸ್ತಿಗೆ, ಭಿಕ್ಷುಗಳ ವಸ್ತ್ರಕ್ಕೆ, ಪುಸ್ತಕಕ್ಕೆಂದು ಬೇರೆಬೇರೆಯಾಗಿ ಹಣ ವಿಂಗಡಿಸಲಾಗಿದೆ. ಪೂಜೆ, ದುರಸ್ತಿ, ವಿದ್ಯೆಗಳನ್ನು ಒಟ್ಟಾಗಿ ಕಂಡ ಆ ವಿವೇಕ ಇಂದಿಗೂ ಮಾದರಿಯಾಗಬಲ್ಲದು.

ಮುಂಬಯಿ ಪರಿಸರದ ಕನ್ನಡ ವಿದ್ಯಾರ್ಥಿಗಳಿಗೆ ಶಾಸನವು ಪರೀಕ್ಷೆಯ ಪತ್ರಿಕೆಯೊಂದರ ವಿಷಯವಾಗಿಯಷ್ಟೇ ಉಳಿಯಬಾರದು. ಕಾನ್ಹೇರಿ, ಅಂಬರನಾಥಗಳಲ್ಲಿ ಕ್ಷೇತ್ರಕಾರ್ಯ ನಡೆಯಬೇಕು. ಮರಾಠಿ ಮತ್ತು ಇತಿಹಾಸ ವಿಭಾಗಗಳ ಜೊತೆಗೂಡಿ ಶಿಲ್ಪಗಳ ವಿವರವಾದ ದಾಖಲೆ ಕನ್ನಡದಲ್ಲೂ ಸಿದ್ಧವಾಗಬೇಕು. ಉಪನಗರಗಳ ಕನ್ನಡ ಸಂಘಗಳು ತಮ್ಮ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಕರೆದೊಯ್ಯಬೇಕು. ತಾವು ವಾಸಿಸುವ ನೆಲದ ಕಲ್ಲನ್ನು ಓದಬಲ್ಲ ಒಂದು ತಲೆಮಾರು ಬೆಳೆದರೆ, ಹೊರನಾಡ ಕನ್ನಡ ಅಧ್ಯಯನಕ್ಕೆ ಅದಕ್ಕಿಂತ ದೊಡ್ಡ ಸಾರ್ಥಕತೆ ಬೇರೊಂದಿಲ್ಲ.