ತಳದಲ್ಲಿ ನಿಂತ ನೀರು



ಕಳೆದ ಸಂಚಿಕೆಯಲ್ಲಿ ಕಾಳಿಗೆ ಹುಳು ಬೀಳುವ ಮೊದಲೇ ಒಣಗಿಸಿ ಕಾಯುವ ಬಗೆಯನ್ನು ಬರೆದಿದ್ದೆವು. ಈ ಸಲ ಹಳೆಯ ಟ್ರ್ಯಾಕ್ಟರಿನ ವಿಚಾರ. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಆಗುತ್ತಿದ್ದಂತೆ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಹಿಂಗಾರಿ ಬಿಳಿಜೋಳದ ಬಿತ್ತಿಗೆಯ ಅವಸರ ಶುರುವಾಗುತ್ತದೆ. ನೆಲದಲ್ಲಿ ಹದ ಇರುವುದು ಕೆಲವೇ ದಿನ. ಆಗ ಟ್ರ್ಯಾಕ್ಟರು ನಿಂತಿತೆಂದರೆ ಮನೆಯ ಜೋಳಕ್ಕೂ ದನದ ಕಣಿಕೆಗೂ ಸಂಚಕಾರ.

ನಮಗೆ ಹಾಗೆಯೇ ಆಯಿತು. ಮಳೆಗಾಲವೆಲ್ಲ ಟ್ರ್ಯಾಕ್ಟರು ಬಯಲಿನಲ್ಲಿ ನಿಂತಿತ್ತು. ಬಿತ್ತಿಗೆಯ ಮುನ್ನ ಗೇರ್ ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿದರೆ ಎಣ್ಣೆ ಗುರುತಿಗಿಂತ ಮೇಲಿತ್ತು. ಖರ್ಚು ಉಳಿಯಿತೆಂದು ಸಂತೋಷಪಟ್ಟೆವು. ಎಣ್ಣೆ ತಾನಾಗಿ ಹೆಚ್ಚುವುದುಂಟೆ? ಒಳಗೆ ಸೇರಿದ್ದು ಮಳೆನೀರು. ಬಿತ್ತಿಗೆಯ ಮೂರನೆಯ ದಿನ ಗೇರ್ ಪೆಟ್ಟಿಗೆಯಲ್ಲಿ ಕಟಕಟ ಸದ್ದು ಎದ್ದಿತು; ಬೇರಿಂಗ್ ತುಕ್ಕು ಹಿಡಿದು ಹೋಗಿತ್ತು. ನಮ್ಮದು ಎಚ್.ಎಂ.ಟಿ. ಟ್ರ್ಯಾಕ್ಟರು. ಪಿಂಜೋರಿನ ಆ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಬಿಡಿಭಾಗ ಹುಡುಕಿ ತರುವಷ್ಟರಲ್ಲಿ ಹದ ಆರಿತ್ತು. ಅರ್ಧ ಹೊಲ ಬೀಳು ಬಿದ್ದಿತು.

ನೀರು ಒಳಗೆ ಹೋಗುವ ದಾರಿಗಳು ಮೂರು. ಗೇರ್ ಕೋಲಿನ ಬುಡದ ರಬ್ಬರ್ ಹರಿದಿದ್ದರೆ ಮಳೆ ನೇರವಾಗಿ ಇಳಿಯುತ್ತದೆ. ಕಡ್ಡಿಯ ಮುಚ್ಚಳ, ಗಾಳಿ ಆಡುವ ಬ್ರೀದರ್ ಸಡಿಲವಿದ್ದರೆ ತೊಳೆಯುವಾಗ ನೀರು ನುಗ್ಗುತ್ತದೆ. ಮೂರನೆಯದು ಕಣ್ಣಿಗೆ ಕಾಣದ್ದು: ದುಡಿದು ಬಿಸಿಯಾದ ಪೆಟ್ಟಿಗೆ ರಾತ್ರಿ ತಣ್ಣಗಾದಾಗ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ, ಅದು ಒಳಗೆ ಹನಿಯಾಗುತ್ತದೆ.

ಕಡ್ಡಿಗೆ ಅಂಟಿದ ಎಣ್ಣೆ ಹಾಲು ಬೆರೆತ ಚಹಾದಂತೆ ಕಂಡರೆ ನೀರು ಬೆರೆತಿದೆ ಎಂದೇ ತಿಳಿಯಿರಿ. ಸಂಶಯವಿದ್ದರೆ ಕಾದ ತಗಡಿನ ಮೇಲೆ ಒಂದೇ ಹನಿ ಬಿಟ್ಟು ದೂರ ಸರಿದು ನೋಡಿ. ಒಗ್ಗರಣೆಗೆ ಹಸಿ ಕರಿಬೇವು ಬಿದ್ದಾಗಿನಂತೆ ಚಟಪಟ ಎಂದರೆ ನೀರಿದೆ. ಈ ಪರೀಕ್ಷೆಗೆ ಅಡಿಗೆಯ ತವೆ ಬೇಡ!

ಇನ್ನು ಕೆಲಸದ ಕ್ರಮ. ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಹಿಂದಿನ ಸಾಮಾನನ್ನು ನೆಲಕ್ಕಿಳಿಸಿ, ರಾತ್ರಿಯಿಡೀ ಅಲುಗಿಸದೆ ಬಿಡಿ. ನೀರು ಎಣ್ಣೆಗಿಂತ ಭಾರ. ಬೆರೆಯದ ನೀರೆಲ್ಲ ತಳ ಸೇರುತ್ತದೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲೇ ತಳದ ಬೂಚನ್ನು ನಿಧಾನ ಸಡಿಲಿಸಿದರೆ ಮೊದಲು ನೀರು ಬರುತ್ತದೆ. ಎಣ್ಣೆ ಕಂಡೊಡನೆ ಬಿಗಿಯಿರಿ. ಒಳಗಿನ ಎಣ್ಣೆ ತಿಳಿಯಾಗಿಲ್ಲದಿದ್ದರೆ ಇಷ್ಟಕ್ಕೇ ಮುಗಿಯಲಿಲ್ಲ. ಸ್ವಲ್ಪ ಓಡಾಡಿಸಿ ಬೆಚ್ಚಗೆ ಮಾಡಿ, ಎಂಜಿನ್ ನಿಲ್ಲಿಸಿ, ಪೂರ್ತಿ ಇಳಿಸಿಬಿಡಬೇಕು. ಬೆಚ್ಚಗಿನ ಎಣ್ಣೆ ಗಸಿಯನ್ನೂ ಕರೆದುಕೊಂಡು ಬರುತ್ತದೆ. ಗೇರಿಗೆ, ಡಿಫರೆನ್ಶಿಯಲ್ಲಿಗೆ ಬೇರೆ ಬೇರೆ ಬೂಚುಗಳಿರುವುದುಂಟು, ಒಂದನ್ನೂ ಮರೆಯಬಾರದು. ಬೂಚಿಗೆ ಕಬ್ಬಿಣದ ಚೂರುಗಳು ಅಂಟಿದ್ದರೆ ಮೇಸ್ತ್ರಿಗೆ ತೋರಿಸಿರಿ.

ಹೊಸ ಎಣ್ಣೆ ಯಾವುದು, ಎಷ್ಟು ಎಂಬುದನ್ನು ಟ್ರ್ಯಾಕ್ಟರಿನ ಪುಸ್ತಕದಲ್ಲಿ ನೋಡಿರಿ, ಅಂಗಡಿಯವರ ಮಾತಿಗೆ ಬಿಡಬೇಡಿ. ಎಲ್ಲದಕ್ಕೂ ‘ತೊಂಬತ್ತು ನಂಬರ್’ ಸಲ್ಲದು. ಕೆಲವು ಟ್ರ್ಯಾಕ್ಟರುಗಳಲ್ಲಿ ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ. ಅಲ್ಲಿ ಬೇರೆಯೇ ಜಾತಿಯದು ಬೇಕು. ಹಿತ್ತಾಳೆ, ಕಂಚಿನ ಬುಶ್ ಇರುವ ಹಳೆಯ ಪೆಟ್ಟಿಗೆಗಳಿಗೆ ಕೆಲವು ಜಿ.ಎಲ್.-5 ಎಣ್ಣೆಗಳು ಹೊಂದುವುದಿಲ್ಲ. ಸುರಿಯುವ ಲಾಳಿಕೆಗೆ ಶುಭ್ರವಾದ, ಎಳೆ ಬಿಡದ ಬಟ್ಟೆ ಕಟ್ಟಿರಿ. ಸೋಸದೆ ನೀರು ಕುಡಿಯದ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೊನೆಗೆ ಹರಿದ ರಬ್ಬರನ್ನು ಬದಲಿಸಿರಿ. ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಈಗ ಇಳಿಸಿದ ಎಣ್ಣೆಯ ಮಾತು. ಇದನ್ನು ಹೇಳಲೆಂದೇ ಈ ತಿಂಗಳ ಬರಹ. ಎಷ್ಟೋ ವರ್ಷ ನಾವು ಆ ಕರಿ ಎಣ್ಣೆಯನ್ನು ಹಳ್ಳದ ದಂಡೆಗೆ ಚೆಲ್ಲಿದ್ದೇವೆ. ಮೊದಲ ಮಳೆಗೆ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡುತ್ತಿತ್ತು. ಅದರಡಿಯಲ್ಲಿ ಎಷ್ಟು ಜೀವ ಉಸಿರು ಕಟ್ಟಿದವೋ, ನಾವು ಒಮ್ಮೆಯೂ ಬಗ್ಗಿ ನೋಡಲಿಲ್ಲ. ಅದೇ ದಿನ ಸಂಜೆ, ಸೂರ್ಯ ಮುಳುಗುವ ಮುಂಚೆ, ಊಟ ಮುಗಿಸಿ ಧರ್ಮ ಪಾಲಿಸಿದೆವೆಂದು ಕೈ ತೊಳೆದಿದ್ದೇವೆ. ಒಕ್ಕಲುತನದಲ್ಲಿ ಉದ್ಯೋಗೀ ಹಿಂಸೆ ಗೃಹಸ್ಥನಿಗೆ ತಪ್ಪದು, ನಿಜ. ಆದರೆ ಹಳ್ಳಕ್ಕೆ ಎಣ್ಣೆ ಚೆಲ್ಲದೆ ಜೋಳ ಬೆಳೆಯುವುದಿಲ್ಲವೆ? ಇದು ಉದ್ಯೋಗವಲ್ಲ, ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂದು ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರ ಕಲಿಸುತ್ತದೆ. 2016ರ ನಿಯಮಗಳಂತೆ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವೂ ಹೌದು.

ಈಗ ನಾವು ಆ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಮಕ್ಕಳ ಕೈಗೂ ದನದ ಬಾಯಿಗೂ ಸಿಗದಂತೆ ಇಟ್ಟು, ಪರವಾನಿಗೆ ಇರುವ ಮರುಸಂಸ್ಕರಣೆಯವರಿಗೆ ಸೇರಿಸುವ ಗ್ಯಾರೇಜಿಗೆ ಕೊಡುತ್ತೇವೆ. ಎಣ್ಣೆಯ ಜೊತೆ ಇಳಿದ ನೀರನ್ನೂ ಚೆಲ್ಲದೆ ಅದೇ ಡಬ್ಬಿಗೆ ಹಾಕುತ್ತೇವೆ.

ಕ್ಷಮಾವಣಿಯ ದಿನ ನೆಂಟರಿಷ್ಟರ ಕ್ಷಮೆ ಕೇಳುತ್ತೇವೆ. ಕೇಳದೆ ಉಳಿದವರಲ್ಲಿ ಮನೆಯ ಹಿಂದಿನ ಹಳ್ಳವೂ ಒಂದು. ಅದಕ್ಕೆ ಮಾತು ಬಾರದು. ಇನ್ನು ಮುಂದೆ ಚೆಲ್ಲದಿರುವುದೇ ನಾವು ಕೇಳಬಹುದಾದ ಕ್ಷಮೆ. ಬಿತ್ತಿಗೆಗೆ ಇನ್ನೂ ದಿನಗಳಿವೆ. ನಾಳೆ ಬೆಳಿಗ್ಗೆಯೇ ಕಡ್ಡಿ ತೆಗೆದು ನೋಡಿರಿ.