ಕಲ್ಲಿನ ಕಪ್ಪು, ಕಾಗದದ ಕಪ್ಪು

ಬೇಲೂರು, ಹಳೇಬೀಡುಗಳನ್ನು ಕಂಡುಬಂದ ಹವ್ಯಾಸಿ ಛಾಯಾಗ್ರಾಹಕರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಕಂಪ್ಯೂಟರಿನ ಪರದೆಯ ಮೇಲೆ ಅಷ್ಟು ಸೊಗಸಾಗಿದ್ದ ಕಪ್ಪು-ಬಿಳುಪು ಚಿತ್ರವು ಕಾಗದಕ್ಕೆ ಇಳಿದೊಡನೆ ಹಸಿರು ಛಾಯೆಗೆ ತಿರುಗುವುದೇಕೆ? ಮದನಿಕೆಯ ಕೊರಳಿನ ಹಾರವು ಕಪ್ಪಿನಲ್ಲಿ ಮುಳುಗಿಹೋಗುವುದೇಕೆ? ಹೀಗೆ ಕೇಳುವವರು ಸಾಮಾನ್ಯವಾಗಿ ಹೊಸ ಪ್ರಿಂಟರ್ ಕೊಳ್ಳುವ ಸನ್ನಾಹದಲ್ಲಿರುತ್ತಾರೆ. ಅಂಥವರಿಗೆ ನನ್ನ ಬಿನ್ನಹವಿಷ್ಟೆ: ಹಣದ ಚೀಲವನ್ನು ಬಿಚ್ಚುವ ಮುನ್ನ, ಈಗಿರುವ ಯಂತ್ರಕ್ಕೆ ಶಾಯಿಯನ್ನು ಹಂಚಿಕೊಡುತ್ತಿರುವ ತಂತ್ರಾಂಶ ಯಾವುದೆಂಬುದನ್ನು ವಿಚಾರಿಸಿರಿ.

ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲನ್ನು. ಉಳಿಯ ಮೊನೆಗೆ ಒಗ್ಗುವ ಅದರ ಗುಣದಿಂದಾಗಿಯೇ ಒಡವೆಯ ಒಂದೊಂದು ಮಣಿಯ ಹಿಂದೆಯೂ ಕೊರೆದು, ಅಲ್ಲಿ ಇಷ್ಟಿಷ್ಟು ಕತ್ತಲೆಯನ್ನು ಹುದುಗಿಸಿಡುವುದು ಅವರಿಗೆ ಸಾಧ್ಯವಾಯಿತು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರು ಸೂರಿನ ನೆರಳಿನಲ್ಲಿ ಓರೆಯಾಗಿ ನಿಂತಿದ್ದಾರೆ. ಒಳಗೆ, ತಿರುಗಣೆಯಲ್ಲಿ ಕಡೆದಂತಿರುವ ಕಂಬಗಳ ಮೇಲೆ ಬೆಳಕು ಬಳೆಬಳೆಯಾಗಿ ಜಾರುತ್ತದೆ. ಇಂಥ ಚಿತ್ರದ ಜೀವವೆಲ್ಲವೂ ಅಚ್ಚಗಪ್ಪಿಗೂ ಕಡುಬೂದಿಗೂ ನಡುವೆಯಿರುವ ನಾಲ್ಕಾರು ಮೆಟ್ಟಿಲುಗಳಲ್ಲಿದೆ. ಆ ಮೆಟ್ಟಿಲುಗಳು ಕುಸಿದುವೆಂದರೆ ಶಿಲ್ಪವು ಅಳಿದು ಬರಿಯ ಬಂಡೆ ಉಳಿಯುತ್ತದೆ. ರಿಚರ್ಡ್ ಬ್ಯಾನರ್ ಓಕ್ಲಿ ಎಂಬಾತನು 1856ರಲ್ಲಿ ಹಳೇಬೀಡಿನ ದೇವಾಲಯದ ಛಾಯಾಚಿತ್ರಗಳನ್ನು ತೆಗೆದು, ಅವುಗಳಲ್ಲಿ 56ನ್ನು 1859ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅವನ ಕಾಲದಲ್ಲಿ ಈ ಮೆಟ್ಟಿಲುಗಳ ಲೆಕ್ಕವನ್ನು ಬೆಳ್ಳಿಯ ಲವಣವೇ ನೋಡಿಕೊಳ್ಳುತ್ತಿತ್ತು. ಇಂದು ಆ ಲೆಕ್ಕ ಬರೆಯುವ ಶಾನುಭೋಗನೇ ತಂತ್ರಾಂಶ.

ಮನೆಗಳಲ್ಲಿ ಬಳಸುವ ಆರು ಬಣ್ಣದ ಪ್ರಿಂಟರುಗಳಲ್ಲಿ ಅನೇಕವಕ್ಕೆ ಕಪ್ಪು ಶಾಯಿ ಒಂದೇ ಒಂದು. ಆದುದರಿಂದ ಬೂದುಬಣ್ಣವನ್ನು ನೀಲಿ, ಕೆಂಪು, ಹಳದಿಗಳ ಮಿಶ್ರಣದಿಂದಲೇ ಸಾಧಿಸಬೇಕಾಗುತ್ತದೆ. ಅಳತೆ ಕೊಂಚ ತಪ್ಪಿತೆಂದರೆ ಒಂದು ಕಡೆ ಹಸಿರು, ಇನ್ನೊಂದು ಕಡೆ ನಸುಗೆಂಪು ಇಣುಕುತ್ತದೆ. ಟ್ಯೂಬ್‌ಲೈಟಿನಲ್ಲಿ ಸರಿಯಾಗಿ ಕಂಡದ್ದು ಬಿಸಿಲಿನಲ್ಲಿ ಬೇರೆಯಾಗಿ ಕಾಣುವುದೂ ಇದರಿಂದಲೇ. ಬಣ್ಣದ ಸಹವಾಸವೇ ಬೇಡವೆಂದು ಕಪ್ಪು ಶಾಯಿಯೊಂದರಿಂದಲೇ ಮುದ್ರಿಸಿದರೆ ತಿಳಿಬೂದು ಭಾಗಗಳಲ್ಲಿ ರವೆ ಚೆಲ್ಲಿದಂತೆ ಚುಕ್ಕೆಗಳು ತೋರುತ್ತವೆ. ಇಂಥ ಯಂತ್ರವುಳ್ಳವರು ಕಾಗದಕ್ಕೆ ತಕ್ಕ ಪ್ರೊಫೈಲನ್ನು ಬಳಸಿ, ಬಣ್ಣದ ತಿದ್ದುಪಡಿಯನ್ನು ಚಿತ್ರ ತಿದ್ದುವ ತಂತ್ರಾಂಶಕ್ಕಾಗಲಿ ಪ್ರಿಂಟರಿನ ಡ್ರೈವರಿಗಾಗಲಿ, ಯಾವುದಾದರೊಂದಕ್ಕೆ ಮಾತ್ರ ಒಪ್ಪಿಸತಕ್ಕದ್ದು. ಇಬ್ಬರು ಅಡಿಗೆಯವರು ಒಂದೇ ಸಾರಿಗೆ ಉಪ್ಪು ಹಾಕಿದರೆ ಆಗುವುದೇನೆಂದು ಗೃಹಿಣಿಯರನ್ನು ಕೇಳಿರಿ!

ತಂತ್ರಾಂಶದ ಆಯ್ಕೆಯೆಂಬುದು ನಿಜವಾಗಿ ಎದುರಾಗುವುದು ಕಪ್ಪು, ತಿಳಿಗಪ್ಪು, ಇನ್ನೂ ತಿಳಿಯಾದ ಕಪ್ಪು ಎಂದು ಮೂರು ಶಾಯಿಗಳುಳ್ಳ ಯಂತ್ರಗಳಲ್ಲಿ. ಎಪ್ಸನ್ನಿನ ಅಂಥ ಮಾದರಿಗಳ ಡ್ರೈವರಿನಲ್ಲಿಯೇ ‘ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್’ ಎಂಬ ವಿಧಾನವಿದೆ. ಬಣ್ಣದ ಶಾಯಿಯನ್ನು ಅತ್ಯಲ್ಪವಾಗಿ ಬಳಸುವ ಇದಕ್ಕೆ ಬೇರೆ ಖರ್ಚಿಲ್ಲ. ಆದರೆ ಹಲವು ಮಾದರಿಗಳಲ್ಲಿ ‘ಡಾರ್ಕರ್’ ಎಂಬ ಆಯ್ಕೆ ಮೊದಲೇ ಕುಳಿತಿರುತ್ತದೆ; ಬೇಲೂರಿನ ಸೂರಿನ ನೆರಳಿಗೆ ಅದು ಹಿತವಲ್ಲ. ‘ಡಾರ್ಕ್’ ಅಥವಾ ‘ನಾರ್ಮಲ್’ ಆಯ್ದು ನೋಡಿರಿ. ಇದಕ್ಕಿಂತ ಹೆಚ್ಚಿನ ಹಿಡಿತ ಬೇಕೆನ್ನುವವರಿಗೆ ರಾಯ್ ಹ್ಯಾರಿಂಗ್ಟನ್ ರಚಿಸಿದ ‘ಕ್ವಾಡ್‌ಟೋನ್‌ರಿಪ್’ ಇದೆ. ಯಾವ ಶಾಯಿ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಬೇಕೆಂಬುದನ್ನು ಇದರಲ್ಲಿ ನಾವೇ ನಿಶ್ಚಯಿಸಬಹುದು. ಬೆಲೆಯೂ ದುಬಾರಿಯಲ್ಲ. ಆದರೆ ಎಲ್ಲ ಯಂತ್ರಗಳಿಗೂ ಒಗ್ಗದು. ನಿಮ್ಮ ಮಾದರಿ ಅದರ ಪಟ್ಟಿಯಲ್ಲಿದೆಯೆ ಎಂದು ನೋಡುವುದು ಮೊದಲ ಕೆಲಸ. ‘ಇಮೇಜ್‌ಪ್ರಿಂಟ್’ ಹತ್ತಾರು ಕಾಗದಗಳಿಗೆ ಸಿದ್ಧ ಪ್ರೊಫೈಲುಗಳನ್ನು ಒದಗಿಸುವ ಶ್ರೀಮಂತ ನೆಂಟ. ವರ್ಷಕ್ಕೆ ಹತ್ತು ಚಿತ್ರ ಮುದ್ರಿಸುವ ಹವ್ಯಾಸಿಗೆ ಆ ಖರ್ಚು ಸಲ್ಲದೆಂದೇ ನನ್ನ ಮತ.

ತೀರ್ಪನ್ನು ಕಣ್ಣಿಗೇ ಬಿಡುವುದು ಮೇಲು. ಬಿಳಿಯಿಂದ ಕಪ್ಪಿನವರೆಗೆ ನೂರಕ್ಕೆ ಐದೈದರಂತೆ ಏರುವ 21 ಮೆಟ್ಟಿಲುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಪ್ರತಿಯೊಂದು ವಿಧಾನದಿಂದಲೂ ಮುದ್ರಿಸಿರಿ. ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಜಗಲಿಯ ಬೆಳಕಿನಲ್ಲಿಯೂ ಸಂಜೆ ದೀಪದಡಿಯಲ್ಲಿಯೂ ನೋಡಿರಿ. 90, 95, 100 ಎಂಬ ಮೂರು ಚೌಕಗಳು ಬೇರೆಬೇರೆಯಾಗಿ ಕಂಡರೆ ಅರ್ಧ ಗೆದ್ದಂತೆ. ಪಟ್ಟಿಯ ಜೊತೆಗೆ ಒಂದು ಚಿತ್ರವೂ ಬೇಕು. ಅದಕ್ಕೆ ಅರಸೀಕೆರೆಯ ಶಿವಾಲಯವನ್ನು ಸೂಚಿಸುತ್ತೇನೆ. 1220ರ ಆ ಗುಡಿಯನ್ನು ಬೇಲೂರಿನ ಅವಸರದಲ್ಲಿ ಎಷ್ಟೋ ಪ್ರವಾಸಿಗರು ನೋಡದೆಯೇ ಹೋಗಿಬಿಡುತ್ತಾರೆ. ಅದರ ನಕ್ಷತ್ರಾಕಾರದ ತೆರೆದ ಮಂಟಪದಲ್ಲಿ ಬಿಸಿಲು, ಅರೆನೆರಳು, ಕತ್ತಲೆ ಮೂರೂ ಒಂದೇ ಚೌಕಟ್ಟಿನೊಳಗೆ ದೊರೆಯುತ್ತವೆ. ಕಂಬದ ಹಿಂಬದಿಯ ಕತ್ತಲೆಯಲ್ಲಿ ಕಲ್ಲಿನ ಮೈ ಕಾಣುತ್ತಿದೆಯೆ ಎಂಬುದನ್ನು ಪರೀಕ್ಷಿಸಿರಿ. ಪರೀಕ್ಷೆ ಮುಗಿಯುವತನಕ ಕಾಗದವನ್ನು ಮಾತ್ರ ಬದಲಿಸಬೇಡಿ. ಒರಟು ಕಾಗದದ ಕಪ್ಪು ಹೊಳಪು ಕಾಗದದ ಕಪ್ಪಿನಷ್ಟು ಆಳಕ್ಕೆ ಇಳಿಯದು. ಕಾಗದ ಬದಲಾಯಿತೆಂದರೆ ಮತ್ತೆ ಮೊದಲ ಮೆಟ್ಟಿಲಿನಿಂದಲೇ ಆರಂಭಿಸಬೇಕಾದೀತು.