ನಿಷ್ಕಾಮಿಗೆ ಕಥೆಯಲ್ಲಿ ಎಡೆಯಿಲ್ಲವೆ?

ಬಾಣರ ಕಾಲದಲ್ಲಿ ವಿಜಯಾದಿತ್ಯಮಂಗಲವೆಂದು ಹೆಸರಾಗಿದ್ದ ಬೇತಮಂಗಲವು, ಪಾಲಾರಿನ ಮೇಲಿನ ತನ್ನ ಹಿರಿಯ ಕೆರೆಯ ನೀರನ್ನು ಕೋಲಾರದ ಚಿನ್ನದ ಗಣಿಗಳಿಗೆ ಬಹುಕಾಲ ಕುಡಿಸಿದ ಊರು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಆ ಗಣಿಗಳು ಮುಚ್ಚಿದವು. ಸಯನೈಡ್ ಮಣ್ಣಿನ ದಿಬ್ಬಗಳು ಉಳಿದವು. ಸೀಮೆಯ ಹೆಸರನ್ನು ಲೋಕದ ಬಾಯಲ್ಲಿ ಮತ್ತೆ ನಿಲ್ಲಿಸಿದ್ದು ಚಿನ್ನವಲ್ಲ, ಒಂದು ಸಿನಿಮಾ. ಪ್ರಶಾಂತ್ ನೀಲರು ನಿರ್ದೇಶಿಸಿದ ‘ಕೆ.ಜಿ.ಎಫ್.’ ಚಿತ್ರದ ಮೊದಲನೆಯ ಭಾಗವು ೨೦೧೮ರ ಡಿಸೆಂಬರ್ ೨೧ರಂದೂ, ಎರಡನೆಯ ಭಾಗವು ೨೦೨೨ರ ಏಪ್ರಿಲ್ ೧೪ರಂದೂ ತೆರೆಗೆ ಬಂದವು. ಗಣಿಯ ಚರಿತ್ರೆಗೆ ಈ ಚಿತ್ರವು ಎಷ್ಟು ನಿಷ್ಠವಾಗಿದೆಯೆಂಬ ಚರ್ಚೆ ಸಾಕಷ್ಟು ನಡೆದಿದೆ. ಮನುಷ್ಯಸ್ವಭಾವಕ್ಕೆ ಎಷ್ಟು ನಿಷ್ಠವಾಗಿದೆಯೆಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿದಂತೆ ಕಾಣುವುದಿಲ್ಲ.

ಚಿತ್ರದ ನಾಯಕನಾದ ರಾಕಿಯು, ಸಾಯುತ್ತಿರುವ ತಾಯಿಗೆ ಬಾಲ್ಯದಲ್ಲಿ ಕೊಟ್ಟ ಭಾಷೆಯೊಂದನ್ನೇ ಹಿಡಿದು ಬದುಕತಕ್ಕವನು. ಅವನ ನಡೆ, ನುಡಿ, ಕ್ರೌರ್ಯ, ಕನಿಕರಗಳೆಲ್ಲಕ್ಕೂ ಆ ಭಾಷೆಯೇ ಬೇರು. ಇಂಥವನ ಮನಸ್ಸಿನಲ್ಲಿ ಹೆಣ್ಣಿನ ಮೋಹಕ್ಕೆ ತಾವಿಲ್ಲವೆಂದು ಕಥೆಗಾರನು ಬಿಟ್ಟುಬಿಟ್ಟಿದ್ದರೆ ಯಾವ ಪ್ರೇಕ್ಷಕನೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ರೀನಾ ಎಂಬ ನಾಯಿಕೆಯನ್ನು ತಂದು ನಿಲ್ಲಿಸಲಾಯಿತು. ನಾಯಕನು ಅವಳ ದಾರಿಯನ್ನು ಅಡ್ಡಗಟ್ಟುತ್ತಾನೆ. ಎರಡನೆಯ ಭಾಗದಲ್ಲಿ ಅವಳ ಇಷ್ಟಕ್ಕೆ ಕಾಯದೆ ಗಣಿಗೆ ಕರೆತರುತ್ತಾನೆ. ಕೊನೆಗೆ ಅವಳು ಅವನನ್ನು ಒಲಿಯುತ್ತಾಳೆ. ಒಲಿದ ಮೇಲೆ ಗುಂಡಿಗೆ ಬಲಿಯಾಗುತ್ತಾಳೆ. ಈ ಭಾಗವನ್ನೆಲ್ಲ ಕತ್ತರಿಸಿ ತೆಗೆದರೆ ಕಥೆಯ ಒಂದು ಕಂಬವಾದರೂ ಅಲುಗುವುದೆ? ತಾಯಿಯನ್ನು ತೆಗೆದರೆ ಕಟ್ಟಡವೇ ಕುಸಿಯುತ್ತದೆ. ನಾಯಿಕೆಯನ್ನು ತೆಗೆದರೆ ತೋರಣವೊಂದು ಕಡಮೆಯಾಗುತ್ತದೆ, ಅಷ್ಟೆ. ತೋರಣಕ್ಕಾಗಿ ಒಬ್ಬ ಹೆಣ್ಣುಮಗಳ ಇಷ್ಟವನ್ನು ತುಳಿದು, ಆಮೇಲೆ ಅವಳ ಪ್ರಾಣವನ್ನೂ ತೆಗೆಯಬೇಕಾಗಿ ಬಂದದ್ದು ಯಾವ ರಸಕ್ಕಾಗಿ?

ಇದು ಒಂದು ಚಿತ್ರದ ದೋಷವಾಗಿದ್ದರೆ ಇಷ್ಟು ಬೆಳೆಸತಕ್ಕ ಮಾತಲ್ಲ. ೧೯೭೨ರ ‘ಬಂಗಾರದ ಮನುಷ್ಯ’ವನ್ನು ನೋಡಬಹುದು. ಅದರ ರಾಜೀವನ ಜೀವವೆಲ್ಲ ಅಕ್ಕನ ಸಂಸಾರದಲ್ಲಿಯೂ ಹೊಲದ ಮಣ್ಣಿನಲ್ಲಿಯೂ ನೆಟ್ಟಿದೆ. ಅವನೂ ಮದುವೆಯಾಗುತ್ತಾನೆ, ಅವನ ಲಕ್ಷ್ಮಿಯೂ ಮಡಿಯುತ್ತಾಳೆ, ಆಮೇಲೆಯೇ ಅವನು ಎಲ್ಲರಿಂದ ದೂರವಾಗಿ ನಡೆದುಹೋಗಲು ಕಥೆಯ ಅಪ್ಪಣೆ ದೊರೆಯುತ್ತದೆ. ಆ ಚಿತ್ರದ ಗುಣಗಳು ಬೇರೆ, ಅವು ದೊಡ್ಡವು. ಆದರೂ ಒಂಟಿಯಾಗಿ ನಡೆಯತಕ್ಕವನು ಮೊದಲು ಜೋಡಿಯಾಗಿದ್ದು, ಆ ಜೋಡಿಯನ್ನು ಕಳೆದುಕೊಂಡೇ ಬರಬೇಕೆಂಬ ಕಟ್ಟಳೆ ಅಲ್ಲಿಯೂ ಇದೆ.

ಈ ಕಟ್ಟಳೆ ಸಿನಿಮಾದವರು ಮಾಡಿದ್ದಲ್ಲ. ಹರಿಹರನ ‘ಪ್ರಭುದೇವರ ರಗಳೆ’ಯನ್ನು ಓದಿದವರಿಗೆ ಇದರ ಹಳಮೆ ತಿಳಿದೇ ಇದೆ. ಅಲ್ಲಿ ಮದ್ದಳೆಯ ಅಲ್ಲಮನು ಕಮಲತೆಯನ್ನು ಒಲಿಯುತ್ತಾನೆ. ಕಮಲತೆ ಜ್ವರದಿಂದ ತೀರಿಹೋಗುತ್ತಾಳೆ. ಆ ದುಃಖದಲ್ಲಿ ಅಲೆಯುತ್ತಿರುವಾಗಲೇ ನೆಲದಲ್ಲಿ ಹುದುಗಿದ ಗುಡಿಯೂ ಅನಿಮಿಷಯ್ಯನೂ ಅವನಿಗೆ ಗೋಚರವಾಗುತ್ತಾರೆ. ಹದಿನೈದನೆಯ ಶತಮಾನದ ಚಾಮರಸನಿಗೆ ಈ ಕಥೆ ಸಮ್ಮತವಾಗಲಿಲ್ಲ. ಆತನ ‘ಪ್ರಭುಲಿಂಗಲೀಲೆ’ಯಲ್ಲಿ ಮಾಯೆಯೇ ಬನವಸಿಯಲ್ಲಿ ಹೆಣ್ಣಾಗಿ ಹುಟ್ಟಿ, ಅಲ್ಲಮನ ಮದ್ದಳೆಗೆ ಮನಸೋತು ಹಿಂಬಾಲಿಸಿದರೂ, ಅವನು ಅವಳ ಕೈಗೆ ಸಿಕ್ಕುವುದಿಲ್ಲ, ಸಿಕ್ಕದಿರುವುದಕ್ಕೆ ಯಾವ ಮುರಿದ ಪ್ರೇಮವೂ ಕಾರಣವಾಗಿ ಬೇಕಾಗಿಲ್ಲ. ಹೀಗೆ, ಕಾಮದ ಸೋಂಕಿಲ್ಲದ ಮನುಷ್ಯನನ್ನು ಹೇಗೆ ಚಿತ್ರಿಸಬೇಕೆಂಬ ವಾದವು ಕನ್ನಡಕ್ಕೆ ಹೊಸದಲ್ಲ. ಕಾವ್ಯಮುಖದಿಂದಲೇ ಐನೂರು ವರ್ಷಗಳ ಹಿಂದೆ ನಡೆದುಹೋದದ್ದು.

ಆದರೆ ಚಾಮರಸನ ಉತ್ತರದಲ್ಲಿಯೂ ಒಂದು ಕೊರತೆಯುಂಟು. ಆತನ ಅಲ್ಲಮನು ಮಾಯೆಗೆ ಸಿಕ್ಕದವನಾದದ್ದು ಮನುಷ್ಯನಾಗಿ ಅಲ್ಲ, ಸಾಕ್ಷಾತ್ ಪರವಸ್ತುವಾಗಿ. ಭಕ್ತಿಕಾವ್ಯಕ್ಕೆ ಅದು ಸಹಜ. ಅದಕ್ಕಾಗಿ ಕವಿಯನ್ನು ಹಳಿಯತಕ್ಕದ್ದಲ್ಲ. ಆದರೆ ಲೋಕಕ್ಕೆ ಉಳಿದ ಪಾಠವೇನು? ಹರಿಹರನ ದಾರಿಯಲ್ಲಿ ಒಂಟಿತನಕ್ಕೆ ಒಂದು ಸಾವು ಬೇಕು. ಚಾಮರಸನ ದಾರಿಯಲ್ಲಿ ಒಂದು ಅವತಾರ ಬೇಕು. ಸತ್ತವಳನ್ನು ನೆನೆಯದೆ, ದೇವರೂ ಆಗದೆ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವ ಸಾಮಾನ್ಯ ಗೃಹಸ್ಥರ ನಡುವೆ, ಈ ಬಯಕೆಯಿಲ್ಲದೆಯೇ ಹುಟ್ಟಿ ಬೆಳೆದ ಒಬ್ಬನಿಗೆ ಅಥವಾ ಒಬ್ಬಳಿಗೆ ಕಥೆಯಲ್ಲಿ ಎಲ್ಲಿದೆ ಎಡೆ?

ಇಂಥವರು ಯಾರೆಂಬುದನ್ನು ಸ್ಪಷ್ಟಪಡಿಸುವುದು ಅವಶ್ಯ. ಏಕೆಂದರೆ ಬೇರೆಬೇರೆ ಸಂಗತಿಗಳನ್ನು ಒಂದೇ ಮೂಟೆಯಲ್ಲಿ ಕಟ್ಟುವುದರಿಂದಲೇ ಅನ್ಯಾಯವು ಪ್ರಾರಂಭವಾಗುತ್ತದೆ. ಬ್ರಹ್ಮಚಾರಿಯು ಬಯಕೆಯನ್ನು ವ್ರತದಿಂದ ತಡೆದವನು; ಭೀಷ್ಮನ ಹಿರಿಮೆಯೆಲ್ಲ ಆ ತಡೆಯಲ್ಲಿದೆ. ಸಂನ್ಯಾಸಿಯು ತೊರೆದವನು, ತೊರೆಯಲು ಮೊದಲು ಇರಬೇಕಷ್ಟೆ. ವಿರಹಿಯು ಕಳೆದುಕೊಂಡವನು. ಷಂಡನೆಂದು ಲೋಕವು ಯಾರನ್ನು ಜರೆಯುತ್ತದೆಯೋ ಅವನಲ್ಲಿ ಬಯಕೆಯಿದ್ದು ದೇಹವು ಒದಗದೆ ಇರಬಹುದು. ಈ ನಾಲ್ವರಲ್ಲಿ ಯಾರೂ ಅಲ್ಲದವರು ಐದನೆಯವರು: ಯಾರನ್ನು ಕಂಡರೂ ಮೈಯ ಸೆಳೆತವೇ ಹುಟ್ಟದವರು. ಇವರನ್ನು ಇಂಗ್ಲಿಷಿನಲ್ಲಿ ಏಸೆಕ್ಷುಯಲ್ ಎನ್ನುತ್ತಾರೆ. ಪ್ರಣಯದ, ಎಂದರೆ ಜೋಡಿಯಾಗಬೇಕೆಂಬ ಒಲವಿನ, ಸೆಳೆತವೇ ಇಲ್ಲದವರನ್ನು ಏರೊಮ್ಯಾಂಟಿಕ್ ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ಸಂಗಾತಿ ಬೇಕು, ಸಂಗ ಬೇಡ ಎನ್ನುವವರಿದ್ದಾರೆ, ಮೈಯ ಬಯಕೆಯಿದ್ದೂ ಪ್ರಣಯವೆಂದರೇನೆಂದು ಅರಿಯದವರಿದ್ದಾರೆ, ಎರಡೂ ಇಲ್ಲದವರಿದ್ದಾರೆ. ಇವರಲ್ಲಿ ಸ್ನೇಹ, ವಾತ್ಸಲ್ಯ, ಭಕ್ತಿ, ಕೋಪ, ಹಾಸ್ಯಗಳಿಗೆ ಕೊರತೆಯೇನೂ ಇಲ್ಲ.

ಕನ್ನಡದಲ್ಲಿ ‘ಅಲೈಂಗಿಕ’ವೆಂಬ ಶಬ್ದವಿದೆ, ಆದರೆ ಶಾಲೆಯ ಮಕ್ಕಳು ಅದನ್ನು ಕಲಿಯುವುದು ಹೈಡ್ರಾ, ಯೀಸ್ಟುಗಳ ಸಂತಾನೋತ್ಪತ್ತಿಯ ಪಾಠದಲ್ಲಿ. ಒಬ್ಬ ಹುಡುಗಿ ತನ್ನ ಸ್ವಭಾವಕ್ಕೆ ಒಂದು ಹೆಸರನ್ನು ಹುಡುಕಿಕೊಂಡು ಹೊರಟರೆ ಅವಳಿಗೆ ಭಾಷೆಯು ಕೊಡುವುದು ಒಂದು ಜಲಕೀಟದ ವಿಶೇಷಣ! ಕೆನಡಾದ ವಿದ್ವಾಂಸ ಆಂಥೊನಿ ಬೊಗಾರ್ಟರು ೨೦೦೪ರಲ್ಲಿ ಬ್ರಿಟನ್ನಿನ ೧೮,೦೦೦ಕ್ಕೂ ಹೆಚ್ಚು ಜನರ ಉತ್ತರಗಳನ್ನು ಪರಿಶೀಲಿಸಿ, ಸುಮಾರು ನೂರಕ್ಕೆ ಒಬ್ಬರು ತಮಗೆ ಯಾರ ಮೇಲೂ ಎಂದೂ ಅಂಥ ಸೆಳೆತವುಂಟಾಗಿಲ್ಲವೆಂದು ಹೇಳಿದ್ದನ್ನು ಪ್ರಕಟಿಸಿದರು. ಆ ಲೆಕ್ಕವನ್ನು ಕನ್ನಡನಾಡಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ಪ್ರತಿದಿನ ಬೆಂಗಳೂರಿಗೆ ದುಡಿಯಲು ಹೋಗಿಬರುವ ತುಂಬಿದ ರೈಲಿನಲ್ಲಿ ಇಂಥವರು ಒಬ್ಬರೂ ಇಲ್ಲವೆಂದು ಪ್ರಮಾಣಮಾಡಿ ಹೇಳಬಲ್ಲವರು ಯಾರು?

ಆ ಒಬ್ಬರ ಪಾಡೇನು? ಮನೆಯಲ್ಲಿ ಜಾತಕ ಹೊರಡುತ್ತದೆ. ‘ಯಾರಾದರೂ ಮನಸ್ಸಿನಲ್ಲಿದ್ದಾರೆಯೆ?’ ಎಂದು ಅತ್ತೆ ಕೇಳುತ್ತಾಳೆ. ಇಲ್ಲವೆಂದರೆ ‘ಯಾರಾದರೂ ಕೈಕೊಟ್ಟರೆ?’ ಎಂದು ಚಿಕ್ಕಮ್ಮ ಕೇಳುತ್ತಾಳೆ. ಅದೂ ಇಲ್ಲವೆಂದರೆ ‘ಡಾಕ್ಟರಿಗೆ ತೋರಿಸೋಣವೆ?’ ಎಂಬ ಮಾತು ಹುಟ್ಟುತ್ತದೆ. ಈ ಮೂರು ಪ್ರಶ್ನೆಗಳೂ ಸಿನಿಮಾ ಮತ್ತು ಧಾರಾವಾಹಿಗಳು ಕಲಿಸಿದವು: ಪ್ರೇಮ, ಭಗ್ನಪ್ರೇಮ, ವ್ಯಾಧಿ. ನಾಲ್ಕನೆಯದೊಂದು ಇದೆಯೆಂದು ಯಾವ ಕಥೆಯೂ ಅವರಿಗೆ ತೋರಿಸಿಲ್ಲ. ಒಲ್ಲದ ಇಬ್ಬರನ್ನು ಮಂಟಪಕ್ಕೆ ಎಳೆದು, ಕಟ್ಟಿದ ತಾಳಿಯ ಮಹಿಮೆಯಿಂದ ಒಲವು ತಾನಾಗಿ ಉಕ್ಕುವುದೆಂದು ಸಂಜೆಯ ಧಾರಾವಾಹಿಯು ಬೋಧಿಸುತ್ತದೆ. ಮನೆಯ ಹಿರಿಯರು ಅದನ್ನೇ ನಂಬಿ ಮುಹೂರ್ತವಿಡುತ್ತಾರೆ.

ಇದರ ಫಲವು ಒಬ್ಬರ ತಲೆಯ ಮೇಲೆ ಬೀಳುವುದಲ್ಲ. ೨೦೨೩ರ ಜೂನಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ತೀರ್ಮಾನಿಸಿದ ಒಂದು ಮೊಕದ್ದಮೆಯಲ್ಲಿ, ಧರ್ಮಶ್ರದ್ಧೆಯ ಕಾರಣದಿಂದ ಗಂಡನು ಹೆಂಡತಿಯ ಸಂಗವನ್ನು ಒಲ್ಲದೆ ಇದ್ದನು. ಅದು ೧೯೫೫ರ ಹಿಂದೂ ವಿವಾಹದ ಕಾನೂನಿನಂತೆ ಕ್ರೌರ್ಯವೆನಿಸುತ್ತದೆಯೇ ಹೊರತು ದಂಡಸಂಹಿತೆಯ ೪೯೮ಎ ವಿಧಿಯಂತೆ ಅಪರಾಧವಾಗುವುದಿಲ್ಲವೆಂದು ನ್ಯಾಯಾಲಯವು ಹೇಳಿತು. ಅಲ್ಲಿಯ ಕಾರಣ ಶ್ರದ್ಧೆ, ಸ್ವಭಾವವಲ್ಲ, ನಿಜ. ಆದರೆ ಕಾರಣ ಯಾವುದಾದರೂ, ಮದುವೆಗೆ ಮುಂಚೆ ಬಾಯಿಬಿಟ್ಟು ಹೇಳಲು ಮಾತೂ ಮರ್ಯಾದೆಯೂ ಇಲ್ಲದ ಸಮಾಜದಲ್ಲಿ, ಹೇಳಲಾರದವನು ಕೆಡುತ್ತಾನೆ. ಏನೂ ಅರಿಯದೆ ಕೈಹಿಡಿದವಳು ಅವನಿಗಿಂತ ಹೆಚ್ಚು ಕೆಡುತ್ತಾಳೆ. ‘ನನ್ನ ಸ್ವಭಾವ ಇಂಥದು’ ಎಂದು ಹೇಳಿದ ಒಂದೇ ಒಂದು ಪಾತ್ರವನ್ನು ತೆರೆಯ ಮೇಲೆ ಕಂಡಿದ್ದರೆ, ಎಷ್ಟು ಮನೆಗಳಲ್ಲಿ ಆ ಮಾತು ಲಗ್ನಪತ್ರಿಕೆಗೆ ಮುಂಚೆಯೇ ಹೊರಡುತ್ತಿತ್ತು!

ಇದೆಲ್ಲ ಪಶ್ಚಿಮದಿಂದ ಬಂದ ಹೊಸ ರೋಗವೆಂದು ಹೇಳುವವರುಂಟು. ಹೆಸರು ಹೊಸದು, ಸಂಗತಿ ಹಳೆಯದು. ವ್ಯಾಸರನ್ನು ಕಂಡು ನಾಚಿ ವಸ್ತ್ರವನ್ನು ಹೊದೆದ ಸ್ತ್ರೀಯರು, ಅದೇ ದಾರಿಯಲ್ಲಿ ಬತ್ತಲೆಯಾಗಿ ಮುಂದೆ ಹೋದ ಅವರ ಮಗ ಶುಕನನ್ನು ಕಂಡು ನಾಚಲಿಲ್ಲವೆಂದು ಭಾಗವತವು ಹೇಳುತ್ತದೆ. ಶುಕನ ದೃಷ್ಟಿಯಲ್ಲಿ ಗಂಡು ಹೆಣ್ಣೆಂಬ ಭೇದವೇ ಇರಲಿಲ್ಲ. ಆದರೆ ಅವನನ್ನಾದರೂ ಸುಮ್ಮನೆ ಬಿಟ್ಟರೆ? ದೇವೀಭಾಗವತಕ್ಕೆ ಬರುವ ಹೊತ್ತಿಗೆ ಅದೇ ಶುಕನಿಗೆ ಪೀವರಿಯೆಂಬ ಕನ್ಯೆಯನ್ನು ತಂದು ಮದುವೆಮಾಡಿ ಮಕ್ಕಳನ್ನೂ ಕೊಡಲಾಗಿದೆ! ಪಶ್ಚಿಮದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕಾನನ್ ಡಾಯ್ಲರು ಪತ್ತೇದಾರ ಷರ್ಲಾಕ್ ಹೋಮ್ಸನನ್ನು ಪ್ರಣಯದ ಗೊಡವೆಯಿಲ್ಲದವನನ್ನಾಗಿಯೇ ಬರೆದರು. ವಿಲಿಯಂ ಜಿಲೆಟ್ಟನು ೧೮೯೯ರಲ್ಲಿ ಅವನನ್ನು ರಂಗಕ್ಕೆ ತರುವಾಗ ಮದುವೆ ಮಾಡಿಸಬಹುದೆ ಎಂದು ತಂತಿ ಕಳುಹಿಸಿದನಂತೆ. ಮದುವೆಯನ್ನಾದರೂ ಮಾಡಿ, ಕೊಲೆಯನ್ನಾದರೂ ಮಾಡಿ ಎಂದು ಡಾಯ್ಲರು ಉತ್ತರಿಸಿದರಂತೆ. ನಾಟಕದಲ್ಲಿ ಹೋಮ್ಸನಿಗೆ ಒಬ್ಬ ನಾಯಿಕೆ ಬಂದೇ ಬಂದಳು. ೨೦೧೬ರಲ್ಲಿ ಅಮೆರಿಕೆಯ ಆರ್ಚಿ ಚಿತ್ರಕಥೆಗಳ ಜಗ್‌ಹೆಡ್ ಎಂಬ ಹುಡುಗನನ್ನು ಅಲೈಂಗಿಕನೆಂದು ಸ್ಪಷ್ಟವಾಗಿ ಹೇಳಲಾಯಿತು. ೨೦೧೭ರಲ್ಲಿ ‘ರಿವರ್‌ಡೇಲ್’ ಎಂಬ ದೂರದರ್ಶನದ ಧಾರಾವಾಹಿಯು ಅವನಿಗೂ ಒಬ್ಬ ಪ್ರೇಯಸಿಯನ್ನು ಒದಗಿಸಿತು. ಅಲ್ಲಿಯ ಅಭಿಮಾನಿಗಳಲ್ಲಿ ಹಲವರು ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರೆಂಬುದೊಂದೇ ವಿಶೇಷ.

ಕನ್ನಡದ ಅಭಿಮಾನಿಗಳು ಈ ವಿಷಯದಲ್ಲಿ ಏನು ಮಾಡುತ್ತಿದ್ದಾರೆ? ಕಟೌಟಿಗೆ ಹಾಲೆರೆಯುವುದರಲ್ಲಿ ಅವರಿಗೆ ಸಮಾನರಿಲ್ಲ. ತೆರೆಯ ಮೇಲಿನ ಜೋಡಿಯನ್ನು ತೆರೆಯ ಹೊರಗೂ ಜೋಡಿಮಾಡಿ, ನಟನಿಗೂ ನಟಿಗೂ ‘ಮದುವೆ ಯಾವಾಗ?’ ಎಂದು ಪೀಡಿಸುವುದರಲ್ಲಿ ಅವರಿಗೆ ದಣಿವಿಲ್ಲ. ಪ್ರೇಕ್ಷಕರಿಗೆ ಬೇಕಾದದ್ದನ್ನು ತಾವು ಕೊಡುತ್ತಿದ್ದೇವೆಂದು ನಿರ್ಮಾಪಕರು ಇವರನ್ನೇ ಸಾಕ್ಷಿಗೆ ಕರೆಯುತ್ತಾರೆ. ಆದರೆ ಸಾಕ್ಷಿಯ ಮಾತನ್ನು ಪೂರ್ತಿಯಾಗಿ ಕೇಳಬೇಕು. ‘ಕೆ.ಜಿ.ಎಫ್.’ ನೋಡಿ ಬಂದವರ ಕಣ್ಣು ಒದ್ದೆಯಾದದ್ದು ತಾಯಿಯ ಪ್ರಸಂಗಕ್ಕೆ.

ಶೃಂಗಾರವು ರಸಗಳ ರಾಜ, ಅದಿಲ್ಲದೆ ಕಥೆಯಲ್ಲಿ ರಸವೆಲ್ಲಿ ಎಂಬುದು ಪಂಡಿತರ ಆಕ್ಷೇಪ. ರಾಜನಿಗೆ ರಾಜ್ಯವಿರಲಿ, ಪ್ರಜೆಗಳ ಮನೆಮನೆಗೂ ನುಗ್ಗುವ ಅಧಿಕಾರವನ್ನು ಯಾವ ಲಕ್ಷಣಗ್ರಂಥವೂ ಅವನಿಗೆ ಕೊಟ್ಟಿಲ್ಲ. ಭರತನ ಎಂಟು ರಸಗಳಿಗೆ ಶಾಂತವನ್ನು ಒಂಬತ್ತನೆಯದಾಗಿ ಸೇರಿಸಿಕೊಂಡ ಪರಂಪರೆಗೆ ಇನ್ನೊಂದು ಬಗೆಯ ಮನುಷ್ಯನನ್ನು ಸೇರಿಸಿಕೊಳ್ಳುವುದು ಕಷ್ಟವೆ? ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವಿನಲ್ಲಿ ಮಂದಣ್ಣನ ಮದುವೆಯ ಪ್ರಸಂಗವಿದ್ದರೂ, ಓದುಗನನ್ನು ಕೊನೆಯ ಪುಟದವರೆಗೆ ಎಳೆಯುವುದು ಒಂದು ಹಾರುವ ಓತಿ. ೧೯೮೦ರಿಂದ ಇಂದಿನವರೆಗೆ ಅದನ್ನು ಓದಿದವರು ಶೃಂಗಾರ ಕಡಮೆಯಾಯಿತೆಂದು ದೂರಿಲ್ಲ. ಇನ್ನು, ಎಲ್ಲರೂ ಹೀಗಾದರೆ ವಂಶ ಬೆಳೆಯುವುದು ಹೇಗೆಂಬ ಭಯವು ಹುರುಳಿಲ್ಲದ್ದು. ಎಲ್ಲರೂ ಹೀಗಾಗುವುದಿಲ್ಲ, ಆಗಬೇಕೆಂದು ಯಾರೂ ಕೇಳಿಯೂ ಇಲ್ಲ.

ಒಂದು ಎಚ್ಚರಿಕೆಯ ಮಾತನ್ನು ಮಾತ್ರ ಹೇಳಲೇಬೇಕು. ಇಂಥ ಪಾತ್ರಗಳನ್ನು ಬರೆಯಿರೆಂದರೆ ಒಬ್ಬ ಸಾಧುವನ್ನು, ಒಬ್ಬ ಕಲ್ಲೆದೆಯ ಖಳನನ್ನು, ಅಥವಾ ಯಂತ್ರದಂತಹ ಬುದ್ಧಿವಂತನನ್ನು ತಂದು ನಿಲ್ಲಿಸುವ ಸೋಮಾರಿತನವೂ ಉಂಟು. ಬಯಕೆಯಿಲ್ಲದವನು ಹೃದಯವಿಲ್ಲದವನೆಂದು ಸಾರುವುದು ಅವನನ್ನು ಕಥೆಯಿಂದ ಹೊರಗಿಡುವುದಕ್ಕಿಂತಲೂ ಕೆಟ್ಟದ್ದು. ಅವನನ್ನು ಹೊಗಳಬೇಕಾಗಿಲ್ಲ, ಕಾಮಿಯು ಕೀಳೂ ಅಲ್ಲ, ನಿಷ್ಕಾಮಿಯು ಮೇಲೂ ಅಲ್ಲ.

ಕೇಳುವುದು ಇಷ್ಟೆ. ಬೇತಮಂಗಲದ ಕೆರೆಯ ಏರಿಯ ಮೇಲೆ ಸಂಜೆ ನಡೆದುಹೋಗುವ ಒಬ್ಬ ಶಾಲೆಯ ಉಪಾಧ್ಯಾಯಿನಿಯನ್ನು ಯಾರಾದರೂ ಕಥೆಗಾರರು ಬರೆಯಲಿ. ಅವಳಿಗೆ ಗೆಳತಿಯರಿರಲಿ, ತಮ್ಮನ ಮಕ್ಕಳಿರಲಿ, ತೀರಿಸಬೇಕಾದ ಸಾಲವಿರಲಿ, ಮೂಗಿನ ತುದಿಯ ಕೋಪವಿರಲಿ. ಅವಳು ಮದುವೆಯಾಗಿಲ್ಲದಿರಲಿ, ಆಗದಿರುವುದಕ್ಕೆ ಸತ್ತ ಪ್ರಿಯಕರನೂ ಇರದಿರಲಿ, ವ್ರತವೂ ಇರದಿರಲಿ, ರೋಗವೂ ಇರದಿರಲಿ. ಕಥೆಯ ಕೊನೆಯಲ್ಲಿ ಅವಳಿಗೆ ಗಂಡನ್ನು ತರದೆ, ಅವಳನ್ನು ಕೊಲ್ಲದೆ, ಮರುದಿನ ಬೆಳಿಗ್ಗೆ ಎಂದಿನಂತೆ ಶಾಲೆಗೆ ಹೋಗಲು ಬಿಡಲಿ. ಅಷ್ಟನ್ನು ಬಿಡುವ ಧೈರ್ಯವು ಕನ್ನಡದ ಕಥೆಗೂ ಸಿನಿಮಾಕ್ಕೂ ಬರುವವರೆಗೆ, ಅದನ್ನು ನೋಡುತ್ತ ಕುಳಿತ ಆ ನೂರರಲ್ಲೊಬ್ಬರು ತಮ್ಮನ್ನು ಎಲ್ಲಿಯೂ ಕಾಣದೆ, ತಮ್ಮಲ್ಲಿಯೇ ಏನೋ ಕೆಟ್ಟಿದೆಯೆಂದು ತಿಳಿದು, ದೀಪ ಹತ್ತಿದ ಮೇಲೆ ಎಲ್ಲರೊಡನೆ ಎದ್ದು ಹೋಗುತ್ತಲೇ ಇರುತ್ತಾರೆ.